ದೂರದ ನೌಕೆಗೆ ದಾರಿ ಹೇಳುವವರು ಯಾರು? ಪಲ್ಸಾರ್ ಪಥದರ್ಶನದ ಬಲ ಮತ್ತು ಮಿತಿ

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ತನ್ನ ಮುಖ್ಯ ಎಂಜಿನನ್ನು ಸುಮಾರು 24 ನಿಮಿಷ ಉರಿಸಿ ಮಂಗಳನ ಕಕ್ಷೆ ಸೇರಿತು. ಅಲ್ಲಿಂದ ಹೊರಟ ರೇಡಿಯೊ ಸಂಕೇತ ಭೂಮಿ ಮುಟ್ಟಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಹಾಗಾಗಿ ಆ ಹೊತ್ತಿನ ಕೆಲಸವನ್ನೆಲ್ಲ ನೌಕೆ ತಾನೇ ನಿಭಾಯಿಸಿತು. ಎತ್ತ ಮುಖ ಮಾಡಬೇಕು, ಯಾವಾಗ ಉರಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬ ಆದೇಶಗಳನ್ನು ಅದರೊಳಗೆ ಮೊದಲೇ ತುಂಬಿಡಲಾಗಿತ್ತು. ಆದರೆ ತಾನು ಎಲ್ಲಿದ್ದೇನೆ ಎಂಬುದು ಮಾತ್ರ ಅದಕ್ಕೆ ಸ್ವಂತವಾಗಿ ತಿಳಿದಿರಲಿಲ್ಲ. ಅದನ್ನು ಲೆಕ್ಕ ಹಾಕಿ ಹೇಳಿದ್ದು ಭೂಮಿ. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನ 32 ಮೀಟರ್ ಆಂಟೆನಾ ಮತ್ತು ನಾಸಾದ ದೂರಸಂಪರ್ಕ ಜಾಲದ ಆಂಟೆನಾಗಳು ತಿಂಗಳುಗಟ್ಟಲೆ ನೌಕೆಯ ಜಾಡು ಹಿಡಿದು ಕೊಟ್ಟ ಉತ್ತರ ಅದು.

ಇಂದಿಗೂ ದೂರದ ಬಾಹ್ಯಾಕಾಶಕ್ಕೆ ಹೋಗುವ ಬಹುಪಾಲು ನೌಕೆಗಳ ಸ್ಥಿತಿ ಇದೇ. ನಕ್ಷತ್ರಗಳ ಚಿತ್ರ ತೆಗೆಯುವ ಕ್ಯಾಮೆರಾ ಅವುಗಳಲ್ಲಿರುತ್ತದೆ ನಿಜ, ಆದರೆ ಅದರಿಂದ ತಿಳಿಯುವುದು ನೌಕೆ ಯಾವ ಕಡೆ ಮುಖ ಮಾಡಿದೆ ಎಂಬುದಷ್ಟೇ. ನಕ್ಷತ್ರಗಳು ಎಷ್ಟು ದೂರದಲ್ಲಿವೆಯೆಂದರೆ, ಭೂಮಿಯ ಬಳಿಯಿಂದ ನೋಡಿದರೂ ಗುರುಗ್ರಹದ ಬಳಿಯಿಂದ ನೋಡಿದರೂ ಆಕಾಶ ಹೆಚ್ಚುಕಡಿಮೆ ಒಂದೇ. ಸ್ಥಾನ ಬೇಕೆಂದರೆ ಭೂಮಿಗೆ ಕರೆ ಮಾಡಲೇಬೇಕು.

ಆ ಕರೆಗೆ ಉತ್ತರಿಸುವವರು ಬಹಳ ಮಂದಿ ಇಲ್ಲ. ನಾಸಾದ ಜಾಲಕ್ಕೆ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಎಂಬ ಮೂರು ನೆಲೆಗಳು. ಯುರೋಪ್, ಚೀನಾ, ಜಪಾನ್, ಭಾರತದ ದೊಡ್ಡ ಆಂಟೆನಾಗಳನ್ನೆಲ್ಲ ಸೇರಿಸಿದರೂ ಲೆಕ್ಕ ಬೇಗ ಮುಗಿಯುತ್ತದೆ. ನೌಕೆಗಳ ಸಂಖ್ಯೆ ಮಾತ್ರ ಏರುತ್ತಲೇ ಇದೆ. ನಾಸಾದ ಮಹಾ ಪರಿವೀಕ್ಷಕರು 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಕೆಲವೊಮ್ಮೆ ಆಂಟೆನಾ ಸಮಯದ ಬೇಡಿಕೆ ಲಭ್ಯತೆಗಿಂತ ಶೇ 40ರವರೆಗೆ ಹೆಚ್ಚಿರುತ್ತದೆ. 2022ರ ಕೊನೆಗೆ ಆರ್ಟೆಮಿಸ್-1 ಚಂದ್ರನತ್ತ ಹೊರಟಾಗ ಬೇರೆ ವಿಜ್ಞಾನ ಯೋಜನೆಗಳು ತಮ್ಮ ಪಾಲಿನ ಸಮಯ ಬಿಟ್ಟುಕೊಡಬೇಕಾಯಿತು. ಮನುಷ್ಯರು ಮತ್ತೆ ಚಂದ್ರನ ಸುತ್ತಮುತ್ತ ಓಡಾಡತೊಡಗಿದರೆ ಈ ನೂಕುನುಗ್ಗಲು ಇನ್ನಷ್ಟು ಹೆಚ್ಚುತ್ತದೆ. ಸತ್ತ ತಾರೆಗಳ ಕ್ಷ-ಕಿರಣ ಮಿಡಿತದಿಂದ ನೌಕೆಯೇ ತನ್ನ ಸ್ಥಾನ ಕಂಡುಕೊಳ್ಳುವ ಹಳೆಯ ಯೋಚನೆಗೆ ಮತ್ತೆ ಜೀವ ಬಂದಿರುವುದು ಈ ಹಿನ್ನೆಲೆಯಲ್ಲಿ.

ಮಿಡಿತದಿಂದ ಸ್ಥಾನ ಹೇಗೆ?

ಭಾರಿ ನಕ್ಷತ್ರವೊಂದು ಸ್ಫೋಟಿಸಿದ ಮೇಲೆ ಉಳಿಯುವ ತಿರುಳೇ ನ್ಯೂಟ್ರಾನ್ ತಾರೆ. ಸೂರ್ಯನಿಗಿಂತ ಹೆಚ್ಚು ದ್ರವ್ಯ ಇಪ್ಪತ್ತು–ಇಪ್ಪತ್ತೈದು ಕಿಲೊಮೀಟರ್ ಅಗಲದ ಗೋಳದೊಳಗೆ ಅಡಕವಾಗಿರುತ್ತದೆ. ಅದು ತಿರುಗುವಾಗ ಅದರಿಂದ ಹೊಮ್ಮುವ ಕಿರಣಗಳು ಪ್ರತಿ ಸುತ್ತಿಗೊಮ್ಮೆ ನಮ್ಮನ್ನು ಸವರಿ ಹೋದರೆ ಅದನ್ನು ಪಲ್ಸಾರ್ ಎನ್ನುತ್ತೇವೆ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್ ಮೊದಲು ಗುರುತಿಸಿದ ಪಲ್ಸಾರ್ ಸುಮಾರು 1.34 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಪಥದರ್ಶನಕ್ಕೆ ಬೇಕಾದವು ಅದಕ್ಕಿಂತ ಬಹಳ ಚುರುಕಿನ ಮಿಲಿಸೆಕೆಂಡ್ ಪಲ್ಸಾರ್‌ಗಳು. ಸೆಕೆಂಡಿಗೆ ನೂರಾರು ಸುತ್ತು ಸುತ್ತುವ ಇವು ಕೋಟ್ಯಂತರ ವರ್ಷ ಹಳೆಯವು. ಇವುಗಳ ಲಯ ಎಷ್ಟು ಸ್ಥಿರವೆಂದರೆ, ದೀರ್ಘಾವಧಿಯಲ್ಲಿ ಪರಮಾಣು ಗಡಿಯಾರಗಳ ಪಕ್ಕದಲ್ಲಿಟ್ಟು ನೋಡಬಹುದು.

ಲೆಕ್ಕದ ತಿರುಳು ಸರಳ. ಒಂದು ಪಲ್ಸಾರ್‌ನ ಮಿಡಿತ ಸೌರಮಂಡಲದ ದ್ರವ್ಯಕೇಂದ್ರವನ್ನು ಯಾವ ಕ್ಷಣ ತಲುಪುತ್ತದೆ ಎಂದು ನಮಗೆ ಮೊದಲೇ ಗೊತ್ತಿದೆ ಎಂದುಕೊಳ್ಳಿ. ನೌಕೆ ಆ ಕೇಂದ್ರಕ್ಕಿಂತ ಪಲ್ಸಾರ್‌ನ ಕಡೆಗೆ ಇದ್ದರೆ ಮಿಡಿತ ಅದಕ್ಕೆ ಸ್ವಲ್ಪ ಮೊದಲೇ ತಲುಪುತ್ತದೆ, ಆಚೆಗಿದ್ದರೆ ತಡವಾಗಿ. ಬೆಳಕು ಒಂದು ಮಿಲಿಸೆಕೆಂಡಿನಲ್ಲಿ 300 ಕಿಲೊಮೀಟರ್ ಸಾಗುವುದರಿಂದ ಸಮಯದ ಅಂತರವನ್ನು ನೇರವಾಗಿ ದೂರಕ್ಕೆ ಬದಲಿಸಬಹುದು. ಆಗಮನ ಸಮಯವನ್ನು ಹತ್ತು ಮೈಕ್ರೊಸೆಕೆಂಡ್ ನಿಖರತೆಯಲ್ಲಿ ಅಳೆದರೆ ಆ ದಿಕ್ಕಿನ ದೂರ 3 ಕಿಲೊಮೀಟರ್ ಒಳಗೆ ಸಿಗುತ್ತದೆ. ಬೇರೆ ಬೇರೆ ದಿಕ್ಕಿನ ಮೂರು ಪಲ್ಸಾರ್‌ಗಳಿದ್ದರೆ ಮೂರು ಆಯಾಮದ ಸ್ಥಾನ ಸಿದ್ಧ. ನಾಲ್ಕನೆಯದು ಸೇರಿದರೆ ನೌಕೆಯ ಗಡಿಯಾರದ ತಪ್ಪನ್ನೂ ತಿದ್ದಬಹುದು. ಸೂರ್ಯನ ಗುರುತ್ವದಿಂದ ಆಗುವ ಸಣ್ಣ ವಿಳಂಬದಂತಹ ಸಾಪೇಕ್ಷತಾ ತಿದ್ದುಪಡಿಗಳೂ ಇವೆ, ಅವುಗಳ ಸೂತ್ರಗಳು ಗೊತ್ತಿರುವುವೇ.

ಇದನ್ನು ಪತ್ರಿಕೆಗಳು 'ಬ್ರಹ್ಮಾಂಡದ ಜಿಪಿಎಸ್' ಎಂದು ಕರೆಯುವುದುಂಟು. ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಜಿಪಿಎಸ್ ಉಪಗ್ರಹ ತನ್ನ ಸಂಕೇತದಲ್ಲೇ ಸಮಯವನ್ನೂ ತನ್ನ ಕಕ್ಷೆಯ ವಿವರವನ್ನೂ ಬರೆದು ಕಳಿಸುತ್ತದೆ. ಪಲ್ಸಾರ್ ಏನನ್ನೂ ಬರೆದು ಕಳಿಸುವುದಿಲ್ಲ. ಒಂದು ಮಿಡಿತಕ್ಕೂ ಮುಂದಿನದಕ್ಕೂ ಗುರುತಿನ ವ್ಯತ್ಯಾಸವೇ ಇಲ್ಲ. J0437-4715 ಎಂಬ ಪಲ್ಸಾರ್‌ನ ಅವಧಿ 5.76 ಮಿಲಿಸೆಕೆಂಡ್. ಅಂದರೆ ಅದರ ಒಂದು ಮಿಡಿತಕ್ಕೂ ಇನ್ನೊಂದಕ್ಕೂ ಆಕಾಶದಲ್ಲಿ ಸುಮಾರು 1,700 ಕಿಲೊಮೀಟರ್ ಅಂತರ. ನೌಕೆಗೆ ತನ್ನ ಸ್ಥಾನ ಮೊದಲೇ ಅಂದಾಜಾಗಿ ಗೊತ್ತಿಲ್ಲದಿದ್ದರೆ, ಈಗ ಬಂದದ್ದು ಎಷ್ಟನೆಯ ಮಿಡಿತ ಎಂದು ಒಂದೇ ಪಲ್ಸಾರ್‌ನಿಂದ ಹೇಳಲಾಗದು. ಹಲವು ಪಲ್ಸಾರ್‌ಗಳ ಅಳತೆ ಕೂಡಿಸಿ ಈ ಗೊಂದಲ ಬಿಡಿಸಬಹುದು, ಆದರೆ ಅದಕ್ಕೆ ಸಮಯವೂ ಗಣನೆಯೂ ಬೇಕು. ಹಾಗಾಗಿ ಸದ್ಯಕ್ಕೆ ಇದು ಇರುವ ಅಂದಾಜನ್ನು ತಿದ್ದುವ, ಕಾಪಾಡಿಕೊಳ್ಳುವ ವಿಧಾನ. ಪೂರ್ತಿ ಕಳೆದುಹೋದವರನ್ನು ಒಂದೇ ಏಟಿಗೆ ಹುಡುಕಿಕೊಡುವ ಶಕ್ತಿ ಇದಕ್ಕಿಲ್ಲ.

ಪಲ್ಸಾರ್‌ಗಳನ್ನು ದಾರಿಗೆ ಬಳಸುವ ಯೋಚನೆ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ 1974ರಲ್ಲೇ ಬಂದಿತ್ತು. ಆದರೆ ಆಗ ಯೋಚಿಸಿದ್ದು ರೇಡಿಯೊ ಮಿಡಿತಗಳ ಬಗ್ಗೆ. ಅವನ್ನು ಹಿಡಿಯಲು ಹತ್ತಾರು ಮೀಟರ್ ಅಗಲದ ಆಂಟೆನಾವನ್ನು ನೌಕೆಗೆ ಕಟ್ಟಿ ಕಳಿಸಬೇಕಾಗುತ್ತದೆ. 1981ರಲ್ಲಿ ಅದೇ ಸಂಸ್ಥೆಯ ಚೆಸ್ಟರ್ ಮತ್ತು ಬಟ್‌ಮನ್ ಕ್ಷ-ಕಿರಣವನ್ನು ಸೂಚಿಸಿದರು. ಕ್ಷ-ಕಿರಣ ಶೋಧಕಗಳು ಚಿಕ್ಕವಾಗಿರಬಹುದು. ಅಂತರತಾರಾ ಪ್ರದೇಶದ ಎಲೆಕ್ಟ್ರಾನ್‌ಗಳು ರೇಡಿಯೊ ಮಿಡಿತವನ್ನು ಹಿಗ್ಗಿಸಿ ತಡ ಮಾಡುವಂತೆ ಕ್ಷ-ಕಿರಣವನ್ನು ತಡ ಮಾಡುವುದಿಲ್ಲ. ಆದರೆ ಭೂಮಿಯ ವಾಯುಮಂಡಲ ಕ್ಷ-ಕಿರಣವನ್ನು ಪೂರ್ತಿ ತಡೆಯುವುದರಿಂದ ನೆಲದ ಮೇಲೆ ಇದನ್ನು ಪರೀಕ್ಷಿಸುವ ಮಾತೇ ಇರಲಿಲ್ಲ. ಕಕ್ಷೆಗೆ ಹೋಗಿಯೇ ತೋರಿಸಬೇಕಿತ್ತು.

ತೋರಿಸಿದ್ದು 2017ರಲ್ಲಿ. ಆ ವರ್ಷ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ 'ನೈಸರ್' ದೂರದರ್ಶಕದ ಮುಖ್ಯ ಕೆಲಸ ನ್ಯೂಟ್ರಾನ್ ತಾರೆಗಳ ಅಧ್ಯಯನ. ವಾಷಿಂಗ್ ಮೆಷಿನ್ ಗಾತ್ರದ, ಸುಮಾರು 370 ಕೆ.ಜಿ. ತೂಕದ ಅದರಲ್ಲಿ 56 ಕ್ಷ-ಕಿರಣ ಸಂಗ್ರಾಹಕಗಳಿದ್ದವು. ಜೊತೆಗೆ 'ಸೆಕ್ಸ್‌ಟಂಟ್' ಎಂಬ ಪಥದರ್ಶನ ಪ್ರಯೋಗವನ್ನೂ ಅದರ ತಂತ್ರಾಂಶದಲ್ಲಿ ಅಳವಡಿಸಿದ್ದರು. ನವೆಂಬರ್‌ನಲ್ಲಿ ಎರಡು ದಿನ ಅದು ನಾಲ್ಕು ಮಿಲಿಸೆಕೆಂಡ್ ಪಲ್ಸಾರ್‌ಗಳನ್ನು ಸರದಿಯಂತೆ ನೋಡಿತು. ಒಂದೊಂದನ್ನೂ ಐದರಿಂದ ಹದಿನೈದು ನಿಮಿಷ ನೋಡಿ, ಮತ್ತೊಂದರತ್ತ ತಾನೇ ತಿರುಗಿ, ಒಟ್ಟು 78 ಅಳತೆ ತೆಗೆಯಿತು.

ಈ ಅಳತೆ ಅಂದರೆ ಏನೆಂದು ಹತ್ತಿರದಿಂದ ನೋಡಬೇಕು. ಇಂತಹ ಪಲ್ಸಾರ್‌ಗಳಿಂದ ಅಷ್ಟು ದೊಡ್ಡ ಉಪಕರಣಕ್ಕೂ ಮಿಡಿತಕ್ಕೆ ಸೇರಿದ ಫೋಟಾನ್ ಸರಾಸರಿ ಸೆಕೆಂಡಿಗೆ ಒಂದು ಕೂಡ ಬರುವುದಿಲ್ಲ. ಪಲ್ಸಾರ್ ಸೆಕೆಂಡಿಗೆ ಇನ್ನೂರು ಸಲ ಮಿಡಿದರೆ ಆ ಮಿಡಿತಗಳಲ್ಲಿ ಬಹುಪಾಲು ನಮ್ಮ ಮಟ್ಟಿಗೆ ಖಾಲಿ. ಆದ್ದರಿಂದ ಬಂದ ಪ್ರತಿ ಫೋಟಾನ್‌ಗೂ ಒಂದು ಮೈಕ್ರೊಸೆಕೆಂಡಿಗಿಂತ ಸೂಕ್ಷ್ಮವಾದ ಸಮಯದ ಮುದ್ರೆ ಒತ್ತಿ, ಪಲ್ಸಾರ್‌ನ ಒಂದು ಅವಧಿಯಲ್ಲಿ ಅದು ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿ, ಆ ಗೂಡಿಗೆ ಹಾಕುತ್ತಾ ಹೋಗಬೇಕು. ಒಂದೊಂದೇ ಕಾಳು ಬಿದ್ದು ಕಣದಲ್ಲಿ ರಾಗಿಯ ರಾಶಿ ಏಳುವಂತೆ ನಿಮಿಷಗಳು ಕಳೆದ ಮೇಲೆ ಮಿಡಿತದ ಆಕಾರ ಮೂಡುತ್ತದೆ. ಆ ಆಕಾರದ ಶಿಖರ ನಿರೀಕ್ಷಿಸಿದ ಜಾಗದಿಂದ ಎಷ್ಟು ಸರಿದಿದೆ ಎಂಬುದೇ ಅಳತೆ. ಇದೆಲ್ಲ ನಡೆಯುವಾಗ ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೊಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುತ್ತದೆ. ಹಾಗಾಗಿ ಕಕ್ಷೆಯ ಗಣಿತವನ್ನೂ ಅದರೊಂದಿಗೇ ಬಿಡಿಸುತ್ತಿರಬೇಕು.

ಪ್ರಯೋಗ ಶುರುವಾಗಿ ಎಂಟು ಗಂಟೆಯೊಳಗೆ ತಂತ್ರಾಂಶ ನಿಲ್ದಾಣದ ಸ್ಥಾನವನ್ನು 16 ಕಿಲೊಮೀಟರ್ ಒಳಗೆ ಹಿಡಿಯಿತು. ಆಮೇಲಿನ ಬಹುಪಾಲು ಹೊತ್ತು ತಪ್ಪು ಐದು ಕಿಲೊಮೀಟರ್ ಆಸುಪಾಸಿಗೆ ಇಳಿದಿತ್ತು. ಜಿಪಿಎಸ್‌ನಿಂದ ನಿಜವಾದ ಸ್ಥಾನ ಗೊತ್ತಿದ್ದುದರಿಂದ ಹೋಲಿಸಿ ನೋಡಲು ಸಾಧ್ಯವಾಯಿತು. ಲೆಕ್ಕ ನಡೆದದ್ದು ಉಪಕರಣದೊಳಗೇ, ನೆಲದ ಸಹಾಯವಿಲ್ಲದೆ. ಬಾಹ್ಯಾಕಾಶದಲ್ಲಿ ಪೂರ್ತಿ ಸ್ವಯಂಚಾಲಿತವಾಗಿ ನಡೆದ ಮೊದಲ ಕ್ಷ-ಕಿರಣ ಪಥದರ್ಶನ ಅದೇ.

ಚೀನಾ ಬೇರೆ ದಾರಿ ಹಿಡಿಯಿತು. ಇದಕ್ಕಾಗಿಯೇ 2016ರ ನವೆಂಬರ್‌ನಲ್ಲಿ ಎಕ್ಸ್‌ಪಿನ್ಯಾವ್-1 ಉಪಗ್ರಹ ಹಾರಿಸಿತು. ನನಗೆ ಹೆಚ್ಚು ಕುತೂಹಲಕರವಾಗಿ ಕಾಣುವುದು ಅವರ ಇನ್ನೊಂದು ಕೆಲಸ. 2017ರಲ್ಲಿ ಹಾರಿದ 'ಇನ್‌ಸೈಟ್' ಕ್ಷ-ಕಿರಣ ದೂರದರ್ಶಕವನ್ನು ಕಟ್ಟಿದ್ದು ಖಗೋಳ ವಿಜ್ಞಾನಕ್ಕೆ. ಅದು ಕ್ರ್ಯಾಬ್ ಪಲ್ಸಾರನ್ನು ಐದು ದಿನ ನೋಡಿದ ದತ್ತಾಂಶವನ್ನು ವಿಜ್ಞಾನಿಗಳು ತಿರುಗಿಸಿ ಓದಿದರು. ಉಪಗ್ರಹದ ಕಕ್ಷೆಯನ್ನು ತಪ್ಪಾಗಿ ಊಹಿಸಿಕೊಂಡರೆ ಮಿಡಿತದ ಆಕಾರ ಮಸುಕಾಗುತ್ತದೆ, ಊಹೆ ಸರಿಯಾದಷ್ಟೂ ಶಿಖರ ಚೂಪಾಗುತ್ತದೆ. ಶಿಖರ ಅತಿ ಚೂಪಾಗುವವರೆಗೆ ಕಕ್ಷೆಯನ್ನು ತಿದ್ದುತ್ತಾ ಹೋದರೆ ಸ್ಥಾನ ಸಿಗುತ್ತದೆ. ಹೀಗೆ ಒಂದೇ ಪಲ್ಸಾರ್‌ನಿಂದ ಉಪಗ್ರಹದ ಸ್ಥಾನವನ್ನು 10 ಕಿಲೊಮೀಟರ್ ಒಳಗೆ ಕಂಡುಕೊಂಡದ್ದನ್ನು ಅವರು 2019ರಲ್ಲಿ ಪ್ರಕಟಿಸಿದರು. ಹೊಸ ಉಪಕರಣವಿಲ್ಲ, ಇದ್ದ ದತ್ತಾಂಶದ ಮರುಬಳಕೆ ಅಷ್ಟೇ.

ಎಡವುವ ಕಡೆಗಳು

ಹಾಗಾದರೆ ಇದು ನೌಕೆಗಳಿಗೆ ಇನ್ನೂ ಯಾಕೆ ಬಂದಿಲ್ಲ? ಮೊದಲ ಕಾರಣ ತೂಕ. ಮಂಗಳಯಾನದ ಐದೂ ವೈಜ್ಞಾನಿಕ ಉಪಕರಣಗಳ ಒಟ್ಟು ತೂಕ ಸುಮಾರು 15 ಕೆ.ಜಿ. ಅಂಥ ನೌಕೆಗೆ ನೈಸರ್‌ನಷ್ಟು ದೊಡ್ಡ ಉಪಕರಣ ಹೊರಿಸುವುದು ಆಗದ ಮಾತು. ಉಪಕರಣ ಕುಗ್ಗಿಸಿದರೆ ಫೋಟಾನ್ ಕಡಿಮೆಯಾಗುತ್ತದೆ. ಫೋಟಾನ್ ಕಡಿಮೆಯಾದರೆ ನಿಮಿಷಗಳ ಅಳತೆಗೆ ಗಂಟೆಗಳು, ದಿನಗಳು ಬೇಕಾಗುತ್ತವೆ. ಗ್ರಹಗಳ ನಡುವೆ ನೌಕೆ ಎಂಜಿನ್ ಆರಿಸಿಕೊಂಡು ಸಾಗುವಾಗ ದಿನಗಟ್ಟಲೆ ಕಾಯಬಹುದು, ಅಲ್ಲಿ ಪಥ ನಿಧಾನವಾಗಿ ಬದಲಾಗುತ್ತದೆ. ಗ್ರಹದ ಬಳಿ ಕಾಯುವಂತಿಲ್ಲ.

ಎರಡನೆಯದು ಪ್ರಕಾಶ ಮತ್ತು ಸ್ಥಿರತೆಯ ನಡುವಿನ ತಿಕ್ಕಾಟ. ಈ ಕೆಲಸದಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಕ್ರ್ಯಾಬ್ ಪಲ್ಸಾರ್ ಕಡೆಗೆ. 1054ರಲ್ಲಿ ಚೀನಾದ ಆಕಾಶವೀಕ್ಷಕರು ದಾಖಲಿಸಿದ ಸ್ಫೋಟದ ಉಳಿಕೆ ಅದು, ಸುಮಾರು 6,500 ಜ್ಯೋತಿರ್ವರ್ಷ ದೂರ, ಕ್ಷ-ಕಿರಣದಲ್ಲಿ ಕಣ್ಣು ಕುಕ್ಕುವಷ್ಟು ಪ್ರಕಾಶ. ಚಿಕ್ಕ ಶೋಧಕಕ್ಕೂ ಸುಲಭವಾಗಿ ಸಿಗುತ್ತದೆ. ಆದರೆ ವಯಸ್ಸು ಇನ್ನೂ ಸಾವಿರ ವರ್ಷ ಅಷ್ಟೇ, ಲಯ ಇನ್ನೂ ನೆಲೆ ನಿಂತಿಲ್ಲ. ಆಗಾಗ ಅದರ ತಿರುಗುವಿಕೆ ಇದ್ದಕ್ಕಿದ್ದಂತೆ ವೇಗ ಪಡೆಯುತ್ತದೆ. ಅಂಥ ಜಿಗಿತಗಳಲ್ಲಿ ಆವರೆಗಿನ ಅತಿ ದೊಡ್ಡದು ಕಂಡದ್ದು 2017ರ ನವೆಂಬರ್ 8ರಂದು, ಸೆಕ್ಸ್‌ಟಂಟ್ ಪ್ರಯೋಗ ನಡೆದ ಅದೇ ತಿಂಗಳು. ತಿರುಗುವ ಆವರ್ತನ ಏರಿದ್ದು ಒಂದು ಹರ್ಟ್ಸ್‌ನ ಲಕ್ಷದಲ್ಲಿ ಒಂದೂವರೆ ಭಾಗದಷ್ಟು. ಕೇಳಲು ನಗಣ್ಯ. ಆದರೆ ಲೆಕ್ಕ ಹಾಕಿ ನೋಡಿ: ಜಿಗಿತದ ಸುದ್ದಿ ತಲುಪದ ನೌಕೆಯೊಂದು ಕ್ರ್ಯಾಬ್ ಒಂದನ್ನೇ ನಂಬಿಕೊಂಡು, ಮಿಡಿತ ಯಾವಾಗ ಬರಬೇಕೆಂದು ಹೇಳುವ ಹಳೆಯ ಕೋಷ್ಟಕದಿಂದ ಎಣಿಸುತ್ತಿದ್ದರೆ, ಒಂದು ಗಂಟೆಯಲ್ಲೇ ಅದರ ದೂರದ ಲೆಕ್ಕ ಸುಮಾರು 500 ಕಿಲೊಮೀಟರ್ ತಪ್ಪುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಪೂರ್ತಿ ಒಂದು ಸುತ್ತಿಗಿಂತ ಹೆಚ್ಚು ಲೆಕ್ಕ ಜಾರಿರುತ್ತದೆ. ಕ್ರ್ಯಾಬ್‌ನ ಒಂದು ಸುತ್ತು ಅಂದರೆ 10,000 ಕಿಲೊಮೀಟರ್.

ಮಿಲಿಸೆಕೆಂಡ್ ಪಲ್ಸಾರ್‌ಗಳಲ್ಲಿ ಇಂಥ ಜಿಗಿತ ತೀರಾ ಅಪರೂಪ. ಅವು ಶಿಸ್ತಿನವು, ಆದರೆ ಮಂಕು. ಪ್ರಕಾಶ ಇದ್ದಲ್ಲಿ ಶಿಸ್ತಿಲ್ಲ, ಶಿಸ್ತಿದ್ದಲ್ಲಿ ಪ್ರಕಾಶವಿಲ್ಲ. ಚಿಕ್ಕ ನೌಕೆಗೆ ಚಿಕ್ಕ ಶೋಧಕ ಕೊಡಬೇಕೆಂದು ಹೊರಟವರನ್ನೆಲ್ಲ ಕಾಡುತ್ತಿರುವ ಪ್ರಶ್ನೆ ಇದು.

ಮೂರನೆಯದರ ಬಗ್ಗೆ ಮಾತು ಕಡಿಮೆ. ನೌಕೆಯೊಳಗಿನ ಪಲ್ಸಾರ್ ಕೋಷ್ಟಕ ಬರುವುದು ಬಹುಮಟ್ಟಿಗೆ ನೆಲದ ರೇಡಿಯೊ ದೂರದರ್ಶಕಗಳಿಂದ. ವರ್ಷಗಟ್ಟಲೆ ಅದೇ ಪಲ್ಸಾರ್‌ಗಳನ್ನು ಬಿಡದೆ ನೋಡಿ, ಅವುಗಳ ಅವಧಿ, ನಿಧಾನವಾಗುವ ದರ, ಆಕಾಶದಲ್ಲಿನ ಚಲನೆ, ಜೊತೆ ತಾರೆಯ ಸುತ್ತ ಸುತ್ತುವ ಕಕ್ಷೆ ಎಲ್ಲವನ್ನೂ ಅಳೆದವರ ದುಡಿಮೆ ಅದು. ಆ ಕೋಷ್ಟಕವನ್ನು ಕಾಲಕಾಲಕ್ಕೆ ನೌಕೆಗೆ ಹೊಸದಾಗಿ ಕಳಿಸುತ್ತಿರಬೇಕು. ಹಾಗಾಗಿ ಭೂಮಿಯ ಹಂಗು ಪೂರ್ತಿ ಹರಿಯುವುದಿಲ್ಲ. ಆದರೆ ದಿನಕ್ಕೆ ಗಂಟೆಗಟ್ಟಲೆ ಆಂಟೆನಾ ಬೇಡುತ್ತಿದ್ದ ಸಂಬಂಧ ಅಪರೂಪಕ್ಕೊಮ್ಮೆ ಬರುವ ಸಣ್ಣ ಸಂದೇಶಕ್ಕೆ ಇಳಿಯುತ್ತದೆ. ಆಂಟೆನಾಗಳ ಸರದಿ ಕಾಯುವ ಯೋಜನೆಗಳಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಹಾಗಾದರೆ ಎಲ್ಲಿ ಉಪಯೋಗ?

ನಿಖರತೆಯಲ್ಲಿ ರೇಡಿಯೊವನ್ನು ಸೋಲಿಸಲು ಹೊರಟರೆ ಪಲ್ಸಾರ್ ಸೋಲುತ್ತದೆ. ರೇಡಿಯೊ ವಿಧಾನ ನೌಕೆಯ ದೂರವನ್ನು ಮೀಟರ್‌ಗಳ ಮಟ್ಟದಲ್ಲಿ, ನಮ್ಮ ಕಡೆಗಿನ ವೇಗವನ್ನು ಸೆಕೆಂಡಿಗೆ ಮಿಲಿಮೀಟರಿನ ಭಾಗಗಳಲ್ಲಿ ಹೇಳಬಲ್ಲದು. ಮಂಗಳನ ಮೇಲೆ ಇಳಿಯುವ ನೌಕೆಗೆ ಐದು ಕಿಲೊಮೀಟರ್ ತಪ್ಪು ಮಾಡುವ ದಾರಿತೋರುಕನಿಂದ ಪ್ರಯೋಜನವಿಲ್ಲ. ಗುರಿಯ ಹತ್ತಿರ ಹೋದಾಗ ಕ್ಯಾಮೆರಾವೇ ಎಲ್ಲಕ್ಕಿಂತ ಮೇಲು. 2022ರ ಸೆಪ್ಟೆಂಬರ್‌ನಲ್ಲಿ ಡಾರ್ಟ್ ನೌಕೆ ಸ್ವಂತ ಕ್ಯಾಮೆರಾದ ನೆರವಿನಿಂದಲೇ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಗುರಿಯಿಟ್ಟು ಡಿಕ್ಕಿ ಹೊಡೆಯಿತು. ಚಂದ್ರನ ಮಟ್ಟಿಗಂತೂ ಜಿಪಿಎಸ್ಸೇ ಬಂದಾಗಿದೆ: 2025ರ ಮಾರ್ಚ್‌ನಲ್ಲಿ ಚಂದ್ರನ ಮೇಲಿಳಿದ ಬ್ಲೂ ಗೋಸ್ಟ್ ನೌಕೆಯ ಉಪಕರಣವೊಂದು ಭೂಮಿಯ ಸುತ್ತಲಿನ ಜಿಪಿಎಸ್ ಮತ್ತು ಗೆಲಿಲಿಯೊ ಉಪಗ್ರಹಗಳ ಸಂಕೇತ ಹಿಡಿದು ತನ್ನ ಸ್ಥಾನ ಲೆಕ್ಕ ಹಾಕಿತು.

ಪಲ್ಸಾರ್‌ನ ಬಲ ಕಾಣುವುದು ಇನ್ನೂ ಆಚೆ. ರೇಡಿಯೊ ವಿಧಾನದಲ್ಲಿ ನಮ್ಮ ದೃಷ್ಟಿರೇಖೆಗೆ ಅಡ್ಡಲಾಗಿ ಇರುವ ತಪ್ಪು ಕೋನದ ತಪ್ಪು. ಅದು ದೂರದೊಂದಿಗೆ ಬೆಳೆಯುತ್ತದೆ. ಕೋನದಲ್ಲಿ ಒಂದು ನ್ಯಾನೊರೇಡಿಯನ್, ಅಂದರೆ ಒಂದು ರೇಡಿಯನ್‌ನ ನೂರು ಕೋಟಿಯಲ್ಲಿ ಒಂದು ಭಾಗ, ತಪ್ಪಿದರೆ ಸೂರ್ಯನಷ್ಟು ದೂರದಲ್ಲಿ 150 ಮೀಟರ್ ವ್ಯತ್ಯಾಸ, ನೆಪ್ಚೂನ್‌ನಷ್ಟು ದೂರದಲ್ಲಿ ನಾಲ್ಕೂವರೆ ಕಿಲೊಮೀಟರ್. ಪಲ್ಸಾರ್ ವಿಧಾನದ ತಪ್ಪಿಗೂ ಭೂಮಿಯಿಂದ ಇರುವ ದೂರಕ್ಕೂ ಸಂಬಂಧವಿಲ್ಲ. ಶುಕ್ರನ ಬಳಿ ಐದು ಕಿಲೊಮೀಟರ್ ಇದ್ದದ್ದು ನೆಪ್ಚೂನ್ ಬಳಿಯೂ ಐದೇ. ಸೌರಮಂಡಲದ ಅಂಚಿಗೆ ಹೋದಂತೆ ತಕ್ಕಡಿ ಪಲ್ಸಾರ್ ಕಡೆ ವಾಲುತ್ತದೆ. ಪ್ಲೂಟೊ ದಾಟಿ ಹೋದ ನ್ಯೂ ಹೊರೈಜನ್ಸ್ ನೌಕೆ 2020ರಲ್ಲಿ ತೆಗೆದ ಎರಡು ಹತ್ತಿರದ ನಕ್ಷತ್ರಗಳ ಚಿತ್ರದಿಂದ ಅದರ ಸ್ಥಾನ ಲೆಕ್ಕ ಹಾಕಿದಾಗ ಭೂಮಿ–ಸೂರ್ಯರ ನಡುವಿನ ದೂರದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ನಿಖರತೆ ಸಿಕ್ಕಿತು. ತತ್ವವನ್ನು ತೋರಿಸಲು ಅದು ಚೆಂದದ ಕೆಲಸ, ದಾರಿ ನಡೆಸಲು ಸಾಲದು.

ಇನ್ನೊಂದು ಉಪಯೋಗ ನಮ್ಮ ನೆರೆಯಲ್ಲೇ ಇದೆ. ಸುಮಾರು 26 ತಿಂಗಳಿಗೊಮ್ಮೆ ಮಂಗಳ ಸೂರ್ಯನ ಹಿಂದೆ ಸರಿಯುತ್ತದೆ. ಆಗ ಸುಮಾರು ಎರಡು ವಾರ ಅಲ್ಲಿನ ನೌಕೆಗಳಿಗೆ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತಾರೆ, ಯಾಕೆಂದರೆ ಸೂರ್ಯನ ಪ್ಲಾಸ್ಮಾ ರೇಡಿಯೊ ಸಂಕೇತ ಕೆಡಿಸುತ್ತದೆ. ಆ ಎರಡು ವಾರವೂ ಆಕಾಶದ ಬೇರೆ ದಿಕ್ಕಿನ ಪಲ್ಸಾರ್‌ಗಳು ಮಿಡಿಯುತ್ತಲೇ ಇರುತ್ತವೆ. ಮುಂದೆ ಮನುಷ್ಯರು ಮಂಗಳನ ದಾರಿಯಲ್ಲಿರುವಾಗ ಸಂಪರ್ಕ ಕಡಿದರೆ, ಮೂರನೆಯವರ ನೆರವಿಲ್ಲದೆ ಸ್ಥಾನ ತಿಳಿಯುವ ಒಂದು ಸ್ವತಂತ್ರ ವ್ಯವಸ್ಥೆ ಒಳಗಿರಲೇಬೇಕು. ಇದನ್ನು ಮುಖ್ಯ ದಾರಿಯ ಬದಲಿಗೆ ಎಂದು ನೋಡದೆ ಜೀವರಕ್ಷಣೆಗೆ ಎಂದು ನೋಡಿದರೆ, ಐದು–ಹತ್ತು ಕಿಲೊಮೀಟರಿನ ನಿಖರತೆ ಧಾರಾಳವಾಗಿ ಸಾಕು.

ಭಾರತದ ಕೈಯಲ್ಲಿರುವುದು

ಈ ವಿಷಯದಲ್ಲಿ ನಾವು ಬರಿಗೈಯಲ್ಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಹಾರಿದ ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಕ್ಷ-ಕಿರಣ ಉಪಕರಣಗಳಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ಲ್ಯಾಕ್ಸ್‌ಪಿಸಿ ಪ್ರತಿ ಫೋಟಾನ್‌ನ ಸಮಯವನ್ನು ಹತ್ತು ಮೈಕ್ರೊಸೆಕೆಂಡ್ ಸೂಕ್ಷ್ಮತೆಯಲ್ಲಿ ಗುರುತಿಸುತ್ತದೆ. ಅದರ ಇನ್ನೊಂದು ಉಪಕರಣ ಸಿಜೆಡ್‌ಟಿಐ ಕ್ರ್ಯಾಬ್‌ನ ಮಿಡಿತದ ಒಂದೊಂದು ಹಂತದಲ್ಲೂ ಕ್ಷ-ಕಿರಣದ ಧ್ರುವೀಕರಣ (ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಗುಣ) ಹೇಗೆ ಬದಲಾಗುತ್ತದೆ ಎಂದು ಅಳೆಯಿತು. 2024ರ ಜನವರಿ 1ರಂದು ಹಾರಿದ ಇಸ್ರೋದ ಕ್ಷ-ಕಿರಣ ಉಪಗ್ರಹ ಎಕ್ಸ್‌ಪೋಸ್ಯಾಟ್‌ನ ಎರಡೂ ಉಪಕರಣಗಳು ಬೆಂಗಳೂರಿನವು. ಪೋಲಿಕ್ಸ್ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಎಕ್ಸ್‌ಸ್ಪೆಕ್ಟ್ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು. ಪೋಲಿಕ್ಸ್ ಅದೇ ತಿಂಗಳು ಕ್ರ್ಯಾಬ್‌ನ ಮಿಡಿತವನ್ನು ದಾಖಲಿಸಿತು.

ನೆಲದ ಮೇಲೆ ಪುಣೆಯ ಬಳಿ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕವಿದೆ, ಉದಕಮಂಡಲದಲ್ಲಿ 530 ಮೀಟರ್ ಉದ್ದದ ಉದಕಮಂಡಲ ರೇಡಿಯೊ ದೂರದರ್ಶಕವಿದೆ. ಜಿಎಂಆರ್‌ಟಿ ಬಳಸುವ ಭಾರತೀಯ ಪಲ್ಸಾರ್ ಸಮಯಮಾಪನ ತಂಡ ವರ್ಷಗಳಿಂದ ಮಿಲಿಸೆಕೆಂಡ್ ಪಲ್ಸಾರ್‌ಗಳನ್ನು ಬಿಡದೆ ನೋಡುತ್ತಿದೆ. 2023ರ ಜೂನ್‌ನಲ್ಲಿ ಯುರೋಪಿನ ತಂಡದೊಂದಿಗೆ ಸೇರಿ ಗುರುತ್ವ ಅಲೆಗಳ ಹಿನ್ನೆಲೆ ಗುನುಗಿನ ಸುಳಿವು ಪ್ರಕಟಿಸಿದ್ದು ಇದೇ ತಂಡ. ಗುರುತ್ವ ಅಲೆಗೆ ಬೇಕಾದ ಕೋಷ್ಟಕವೂ ನೌಕೆಯ ದಾರಿಗೆ ಬೇಕಾದ ಕೋಷ್ಟಕವೂ ಒಂದೇ ದುಡಿಮೆಯ ಫಲ.

ಶೋಧಕವೂ ಇದೆ, ಕೋಷ್ಟಕವೂ ಇದೆ. ಚೀನಾದ ವಿಜ್ಞಾನಿಗಳು ಇನ್‌ಸೈಟ್ ದತ್ತಾಂಶದಿಂದ ಮಾಡಿದ ಲೆಕ್ಕವನ್ನು ಆಸ್ಟ್ರೋಸ್ಯಾಟ್ ಮತ್ತು ಎಕ್ಸ್‌ಪೋಸ್ಯಾಟ್ ದತ್ತಾಂಶದ ಮೇಲೆ ನಡೆಸಲು ಹೊಸ ಉಡಾವಣೆ ಬೇಡ. ಈ ಉಪಗ್ರಹಗಳ ನಿಜವಾದ ಕಕ್ಷೆ ಇಸ್ರೋಗೆ ಗೊತ್ತೇ ಇದೆ. ಪಲ್ಸಾರ್‌ನಿಂದ ಬಂದ ಉತ್ತರವನ್ನು ಅದರ ಪಕ್ಕದಲ್ಲಿಟ್ಟು ಎಷ್ಟು ತಪ್ಪಿದೆ ಎಂದು ನೋಡಬಹುದು. ಆ ತಪ್ಪಿನಲ್ಲಿ ಉಪಕರಣದ ಗಡಿಯಾರದ ಪಾಲೆಷ್ಟು, ಫೋಟಾನ್ ಕೊರತೆಯ ಪಾಲೆಷ್ಟು, ಕೋಷ್ಟಕದ ಪಾಲೆಷ್ಟು ಎಂದು ಬಿಡಿಸಿದರೆ, ಮುಂದೆ ಕಟ್ಟಬೇಕಾದ ಪುಟ್ಟ ಶೋಧಕದ ಅಳತೆ ಅಲ್ಲಿಂದಲೇ ಸಿಗುತ್ತದೆ. ಅದನ್ನು ಹಾರಿಸಿ ನೋಡಲು ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನೇ ಪ್ರಯೋಗ ವೇದಿಕೆಯಾಗಿಸುವ 'ಪೊಯಮ್' ಇದೆ. ಎಕ್ಸ್‌ಪೋಸ್ಯಾಟ್ ಜೊತೆ ಹೋದ ಪೊಯಮ್-3 ಎರಡೂವರೆ ತಿಂಗಳಿಗೂ ಹೆಚ್ಚು ಕಕ್ಷೆಯಲ್ಲಿತ್ತು. ಚಿಕ್ಕ ಶೋಧಕಕ್ಕೆ ಕ್ರ್ಯಾಬ್ ಒಂದೇ ಸಿಕ್ಕರೂ, ಫೋಟಾನ್ ಎಣಿಸಿ ಕಕ್ಷೆಯೊಳಗೇ ಲೆಕ್ಕ ಬಿಡಿಸುವ ತಂತ್ರಾಂಶವನ್ನು ಪರೀಕ್ಷಿಸಲು ಅಷ್ಟು ಕಾಲಾವಕಾಶ ಸಾಕು.

ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಶುಕ್ರಯಾನಕ್ಕೂ ಚಂದ್ರಯಾನ-4ಕ್ಕೂ ಒಪ್ಪಿಗೆ ಕೊಟ್ಟಿದೆ. ಆದಿತ್ಯ-ಎಲ್1 ಹದಿನೈದು ಲಕ್ಷ ಕಿಲೊಮೀಟರ್ ಆಚೆಯಿಂದ ನಿತ್ಯ ದತ್ತಾಂಶ ಕಳಿಸುತ್ತಿದೆ. ಇವೆಲ್ಲದರ ಭಾರವೂ ಬರುವುದು ಬ್ಯಾಲಾಳುವಿನ ಬೆರಳೆಣಿಕೆಯ ಆಂಟೆನಾಗಳ ಮೇಲೆ ಮತ್ತು ಬೇರೆ ದೇಶಗಳಿಂದ ಪಡೆಯುವ ಆಂಟೆನಾ ಸಮಯದ ಮೇಲೆ. ದತ್ತಾಂಶ ಇಳಿಸಲು ಆಂಟೆನಾ ಬೇಕೇ ಬೇಕು. ಸ್ಥಾನ ತಿಳಿಯಲು ಖರ್ಚಾಗುತ್ತಿರುವ ಆಂಟೆನಾ ಸಮಯದಲ್ಲಿ ಎಷ್ಟನ್ನು ಉಳಿಸಬಹುದು ಎಂಬ ಅಂದಾಜು ಶುಕ್ರಯಾನದ ನಂತರದ ನೌಕೆಗಳ ವಿನ್ಯಾಸ ಮೇಜಿಗೆ ಬರುವ ಮೊದಲೇ ಸಿದ್ಧವಾಗಬೇಕು. ಅದಕ್ಕೆ ಬೇಕಾದ ಫೋಟಾನ್‌ಗಳ ಪಟ್ಟಿ ಆಸ್ಟ್ರೋಸ್ಯಾಟ್‌ನ ದತ್ತಾಂಶ ಭಂಡಾರದಲ್ಲಿ ಒಂದೊಂದರ ಸಮಯದ ಮುದ್ರೆಯೊಂದಿಗೆ ಈಗಾಗಲೇ ಇದೆ.